ಹಾಸ್ಟೆಲ್ಲಿನ ಮತವೋ, ಊರಿನ ಮತವೋ

ಊರು ಬಿಟ್ಟು ಓದಲು ಹೋದ ವಿದ್ಯಾರ್ಥಿಯ ಮತ ಯಾವ ಊರಿಗೆ ಸಲ್ಲಬೇಕು ಎಂಬ ಪ್ರಶ್ನೆಗೆ ಕಾನೂನು ಅರ್ಧ ಉತ್ತರ ಕೊಟ್ಟು ಸುಮ್ಮನಾಗುತ್ತದೆ; ಉಳಿದರ್ಧ ನೀತಿಯ ಪಾಲಿಗೆ ಬೀಳುತ್ತದೆ. ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಪಿಯುಸಿ ಮುಗಿಸಿ ಊರು ಬಿಡುವ ವಯಸ್ಸೂ ಮೊದಲ ಮತದ ವಯಸ್ಸೂ ಅಂದಿನಿಂದ ಒಂದೇ ಆದವು. ಪ್ರಶ್ನೆ ಹುಟ್ಟಿದ್ದೇ ಅಲ್ಲಿ.

1950ರ ಪ್ರಜಾಪ್ರತಿನಿಧಿ ಕಾಯ್ದೆ ಮತದಾರನಿಗೆ ವಿಧಿಸುವ ಮುಖ್ಯ ಷರತ್ತು ‘ಸಾಮಾನ್ಯ ನಿವಾಸ’. ಕ್ಷೇತ್ರದಲ್ಲಿ ಸ್ವಂತ ಮನೆಯಿದ್ದ ಮಾತ್ರಕ್ಕೆ ಯಾರೂ ಅಲ್ಲಿನ ನಿವಾಸಿಯಾಗುವುದಿಲ್ಲ. ಕೆಲಕಾಲ ದೂರವಿದ್ದ ಮಾತ್ರಕ್ಕೆ ನಿವಾಸ ತಪ್ಪುವುದೂ ಇಲ್ಲ. ಮೊದಲನೆಯ ಮಾತು ವಿದ್ಯಾರ್ಥಿಯನ್ನು ಹಾಸ್ಟೆಲ್ಲಿನತ್ತ ಎಳೆದರೆ, ಎರಡನೆಯದು ಊರಿನತ್ತ ಎಳೆಯುತ್ತದೆ. ಹಾಗಾಗಿ ಚುನಾವಣಾ ಆಯೋಗ ಆಯ್ಕೆಯನ್ನು ವಿದ್ಯಾರ್ಥಿಗೇ ಬಿಟ್ಟಿದೆ. ಹೆತ್ತವರ ಮನೆಯ ವಿಳಾಸ ಕೊಡಬಹುದು. ಇಲ್ಲವೇ ನಮೂನೆ 6ರ ಜೊತೆಗೆ ಪ್ರಾಂಶುಪಾಲರೋ ರಿಜಿಸ್ಟ್ರಾರರೋ ಸಹಿ ಹಾಕಿದ ಘೋಷಣೆ ಲಗತ್ತಿಸಿ ಹಾಸ್ಟೆಲ್ ವಿಳಾಸದಲ್ಲಿ ಹೆಸರು ಸೇರಿಸಬಹುದು. ಎರಡೂ ಕಡೆ ಮಾತ್ರ ಸಲ್ಲದು. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲುಶಿಕ್ಷೆಯಿದೆ.

ಆಯ್ಕೆ ಕೈಯಲ್ಲಿದ್ದಾಗ ಅದನ್ನು ಯಾವ ಆಧಾರದ ಮೇಲೆ ಮಾಡಬೇಕು? ಆಡಳಿತದ ಫಲವನ್ನು ಉಣ್ಣುವವನೇ ಆಳುವವರನ್ನು ಆರಿಸಬೇಕು ಎಂಬುದು ಒಂದು ವಾದ. ಇದರ ಪ್ರಕಾರ ಧಾರವಾಡದಲ್ಲಿ ನಾಲ್ಕು ವರ್ಷ ಇರುವವನು ಅಲ್ಲಿನ ನೀರು, ಬಸ್ಸು, ಬೀದಿದೀಪಗಳ ಬಗ್ಗೆ ಮಾತಾಡಲು ಹಕ್ಕುಳ್ಳವನು. ಆದರೆ ಶಾಸಕರ ಅವಧಿ ಐದು ವರ್ಷ. ಕೊನೆಯ ಸೆಮಿಸ್ಟರಿನಲ್ಲಿ ಮತ ಹಾಕಿ ಮರುತಿಂಗಳೇ ಗಂಟುಮೂಟೆ ಕಟ್ಟುವವನು ಆರಿಸಿದ ಶಾಸಕರನ್ನು ಸಹಿಸಿಕೊಳ್ಳಬೇಕಾದವರು ಬೇರೆಯವರು. ಸಂಬಂಧ ಎಲ್ಲಿ ಬೇರೂರಿದೆಯೋ ಮತವೂ ಅಲ್ಲೇ ಇರಬೇಕು ಎನ್ನುವುದು ಇನ್ನೊಂದು ವಾದ. ಅಪ್ಪನ ಪಹಣಿ, ಅಜ್ಜಿಯ ಪಿಂಚಣಿ, ತಂಗಿ ಹೋಗುವ ಸರ್ಕಾರಿ ಶಾಲೆ ಇರುವುದು ಊರಿನಲ್ಲಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿಗೂ ವಿಧಾನಸಭಾ ಪಟ್ಟಿಯೇ ಆಧಾರವಾದ್ದರಿಂದ, ಹೆಸರು ನಗರಕ್ಕೆ ಹೋದರೆ ಪಂಚಾಯಿತಿಯ ಮತವೂ ಕೈಬಿಡುತ್ತದೆ. ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ.

ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಪ್ರಾತಿನಿಧಿಕ ಸರ್ಕಾರದ ಬಗ್ಗೆ ಬರೆಯುತ್ತ, ಮತವೆಂಬುದು ಸ್ವಂತ ಸೊತ್ತಲ್ಲ, ಸಮಾಜ ನಂಬಿ ಒಪ್ಪಿಸಿದ ಹೊಣೆ ಎಂದು ವಾದಿಸಿದ. ಅದೇ ತರ್ಕದ ಮೇಲೆ ಗುಪ್ತ ಮತದಾನವನ್ನೂ ವಿರೋಧಿಸಿದ. ಸಾಲ, ಜಾತಿ, ಕೂಲಿಯ ಹಂಗು ಇರುವ ಊರುಗಳಲ್ಲಿ ಆ ಎರಡನೆಯ ಮಾತು ನಡೆಯುವಂಥದಲ್ಲ. ಮೊದಲನೆಯದು ಮಾತ್ರ ವಿದ್ಯಾರ್ಥಿಯ ಪ್ರಶ್ನೆಗೆ ಅಳತೆಗೋಲಾಗಬಲ್ಲದು. ಮತ ಹೊಣೆಯಾದರೆ, ಅಭ್ಯರ್ಥಿಗಳ ಬಗ್ಗೆ ಎಲ್ಲಿ ತಿಳಿದಿದೆಯೋ, ಗೆದ್ದವರನ್ನು ಎಲ್ಲಿ ಹೋಗಿ ಕೇಳಬಲ್ಲನೋ ಅಲ್ಲೇ ಅದನ್ನು ಹೊರಬೇಕಾಗುತ್ತದೆ. ಊರಲ್ಲಿ ಹೆಸರಿದ್ದು ಅಲ್ಲಿನ ಅಭ್ಯರ್ಥಿ ಯಾರೆಂದೇ ಗೊತ್ತಿಲ್ಲದವನಿಗೆ ಊರಿನ ನಂಟು ಬರೀ ನೆಪ.

ಒಂದು ಮತದಿಂದ ಆಗುವುದೇನು ಎಂಬ ಆಕ್ಷೇಪ ಹಳೆಯದು. ಆದರೆ 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಿಂದ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16. ಇಂಥವು ಅಪರೂಪ ಎಂಬುದೂ ನಿಜ. ಇವನ್ನೇ ನೆಚ್ಚಿ ಮತದಾನದ ಕರ್ತವ್ಯವನ್ನು ಸಾಧಿಸಹೊರಟರೆ ವಾದ ಬಡವಾಗುತ್ತದೆ. ಫಲಿತಾಂಶ ಬದಲಾಗದಿದ್ದರೂ ಹೊಣೆ ಹೊಣೆಯೇ.

ಅತ್ಯಂತ ದುರ್ಬಲವಾದದ್ದು ಬಹಳಷ್ಟು ವಿದ್ಯಾರ್ಥಿಗಳು ಹಿಡಿಯುವ ಮೂರನೆಯ ದಾರಿ: ಹೆಸರು ಊರಲ್ಲಿ, ಮತದಾನದ ದಿನ ಹಾಸ್ಟೆಲ್ಲಿನಲ್ಲಿ ನಿದ್ದೆ. ವಿದ್ಯಾರ್ಥಿ ಎಂಬ ಕಾರಣಕ್ಕೆ ಅಂಚೆ ಮತ ಸಿಗುವುದಿಲ್ಲ, ಬಸ್ಸು ಹತ್ತಲೇಬೇಕು. ಹಬ್ಬಕ್ಕೆ ಊರಿಗೆ ಹೋಗುವವನು ಮತಕ್ಕೆ ಹೋಗಲಾರೆ ಎಂದರೆ ಅವನ ನೋಂದಣಿಗೆ ಯಾವ ವಾದವೂ ಆಸರೆಯಾಗದು. ಅಂಥವರು ನಮೂನೆ 8 ತುಂಬಿ ಹೆಸರನ್ನು ಹಾಸ್ಟೆಲ್ ವಿಳಾಸಕ್ಕೆ ವರ್ಗಾಯಿಸಿಕೊಳ್ಳುವುದೇ ಸರಿ.