ಕಂಡವನ ಹೊಣೆ

1991ರ ಫೆಬ್ರುವರಿ 26, ಕೊಲ್ಲಿ ಯುದ್ಧದ ದಿನಗಳು. ಇರಾಕಿನ ಮರುಭೂಮಿಯಲ್ಲಿ ಮಧ್ಯಾಹ್ನದಿಂದಲೂ ಮರಳುಗಾಳಿ. ಕ್ಯಾಪ್ಟನ್ ಎಚ್. ಆರ್. ಮ್ಯಾಕ್‌ಮಾಸ್ಟರ್ ಕೈಕೆಳಗಿನ ಅಮೆರಿಕದ ತುಕಡಿ ಒಂಬತ್ತು ಅಬ್ರಾಮ್ಸ್ ಟ್ಯಾಂಕುಗಳೊಂದಿಗೆ ಸಣ್ಣ ದಿಬ್ಬವೊಂದನ್ನು ದಾಟಿತು. ಎದುರಿಗಿದ್ದದ್ದು ಸದ್ದಾಮ್ ಹುಸೇನನ ರಿಪಬ್ಲಿಕನ್ ಗಾರ್ಡಿನ ತವಕಲ್ನಾ ಡಿವಿಷನ್. ಸುಮಾರು 23 ನಿಮಿಷಗಳಲ್ಲಿ ಆ ಒಂದು ತುಕಡಿ 28 ಟ್ಯಾಂಕುಗಳನ್ನು ಸುಟ್ಟಿತು, ತನ್ನದೊಂದನ್ನೂ ಕಳೆದುಕೊಳ್ಳಲಿಲ್ಲ. ಊರು ಕೇರಿ ಇಲ್ಲದ ಬಯಲು. ಹಾಗಾಗಿ ಕದನಕ್ಕೆ ನಕ್ಷೆಯ ಗೆರೆಯ ಹೆಸರೇ ಉಳಿಯಿತು: 73 ಈಸ್ಟಿಂಗ್.

ಇದನ್ನು ಕದನ ಎನ್ನಬೇಕೋ, ಹತ್ಯೆ ಎನ್ನಬೇಕೋ? ಎದುರಾಳಿಯೂ ತನ್ನನ್ನು ಕೊಲ್ಲಬಲ್ಲ ಎಂಬ ನೆಲೆಯಲ್ಲೇ ಸೈನಿಕನಿಗೆ ಕೊಲ್ಲುವ ಹಕ್ಕನ್ನು ನಾವು ಒಪ್ಪುತ್ತ ಬಂದಿದ್ದೇವೆ. ಇಲ್ಲಿ ಆ ನೆಲೆಯೇ ಸಡಿಲ: ಅಬ್ರಾಮ್ಸ್‌ನ ಥರ್ಮಲ್ ಸೈಟಿಗೆ ಧೂಳು ದೊಡ್ಡ ಅಡ್ಡಿಯಾಗಲಿಲ್ಲ. ಎಂಜಿನ್ನಿನ ಬಿಸಿ, ಮೈಯ ಬಿಸಿ ಅದರಲ್ಲಿ ಮೂಡುತ್ತಿತ್ತು. ಇರಾಕಿನ ಟಿ-72 ಟ್ಯಾಂಕಿನ ಗನ್ನರ್‌ಗೆ ಕಂಡದ್ದು ಹೆಚ್ಚೆಂದರೆ ಫಿರಂಗಿ ಸಿಡಿದ ಮಿಂಚು. ಅದರತ್ತಲೇ ಗುರಿಯಿಟ್ಟು ಅವನು ಹೊಡೆದ.

ಆದರೂ ಹತ್ಯೆ ಎಂದು ತೀರ್ಪಿತ್ತು ಕೈತೊಳೆದುಕೊಳ್ಳಲು ನನಗೆ ಒಪ್ಪಿಗೆಯಿಲ್ಲ. ಗೆದ್ದದ್ದು ಯಂತ್ರವೊಂದೇ ಅಲ್ಲ ಎಂದು ಸೇನಾ ವಿಶ್ಲೇಷಕ ಸ್ಟೀಫನ್ ಬಿಡಲ್ 1996ರಲ್ಲೇ ವಾದಿಸಿದ್ದರು. ಇರಾಕಿಗಳು ಟ್ಯಾಂಕುಗಳನ್ನು ನೆಲದಾಳಕ್ಕೆ ಇಳಿಸಿರಲಿಲ್ಲ, ಸುತ್ತ ಮರಳಿನ ದಿಣ್ಣೆ ಎಬ್ಬಿಸಿದ್ದರು. ಆ ದಿಣ್ಣೆ ಗುಂಡನ್ನು ತಡೆಯಲಿಲ್ಲ; ಟ್ಯಾಂಕು ಇಲ್ಲಿದೆ ಎಂದು ದೂರದಿಂದಲೇ ತೋರಿಸಿಕೊಟ್ಟಿತು. ಮುಂದೆ ಸರಿಯಾದ ಪಹರೆಯೂ ಇರಲಿಲ್ಲ. ಇತ್ತ ನಕ್ಷೆಯ 70ನೆಯ ಗೆರೆಯಲ್ಲಿ ನಿಲ್ಲಬೇಕೆಂಬ ಮಿತಿಯನ್ನು ಮ್ಯಾಕ್‌ಮಾಸ್ಟರ್ ಮೀರಿದರು. ಶತ್ರು ಗಲಿಬಿಲಿಯಲ್ಲಿರುವಾಗ ನಿಂತರೆ ಅವನಿಗೆ ಚೇತರಿಸಿಕೊಳ್ಳಲು ಬಿಟ್ಟಂತೆ ಎಂಬುದು ಅವರ ಲೆಕ್ಕ. ಮುಂದೇನಿದೆ ಎಂಬುದು ಅವರಿಗೂ ಪೂರ್ತಿ ತಿಳಿದಿರಲಿಲ್ಲ. ಅಪಾಯ ಎರಡೂ ಕಡೆ ಇತ್ತು, ಸಮವಾಗಿರಲಿಲ್ಲ ಅಷ್ಟೆ. ಓಡಿಹೋಗದೆ ನಿಂತು ಕಾದಿದ ಇರಾಕಿ ಸೈನಿಕನ ಧೈರ್ಯ, ಅವನ ಗುಂಡು ತಾಗಲಿಲ್ಲವೆಂಬ ಕಾರಣಕ್ಕೆ ಸಣ್ಣದಾಗುವುದಿಲ್ಲ.

ಹಾಗಾದರೆ ಈ ಅಸಮತೆಯಿಂದ ಏನೂ ಬದಲಾಗುವುದಿಲ್ಲವೆ? ಬದಲಾಗುತ್ತದೆ: ಹೊಣೆ ಬದಲಾಗುತ್ತದೆ. ಹೆಚ್ಚು ಕಾಣುವವನು ಹೆಚ್ಚು ತಿಳಿಯಲು ಬದ್ಧ. ಥರ್ಮಲ್ ಸೈಟು ತೋರಿಸುವುದು ಬಿಸಿಯನ್ನು. ಅದು ಯಾರ ಬಿಸಿ ಎಂಬುದನ್ನಲ್ಲ. ಆ ಯುದ್ಧದಲ್ಲಿ ಕಾದಾಟದಲ್ಲಿ ಸತ್ತ 148 ಅಮೆರಿಕನ್ನರಲ್ಲಿ 35 ಮಂದಿ ತಮ್ಮವರದೇ ಗುಂಡಿಗೆ ಬಲಿಯಾದರು. ತನ್ನವನನ್ನೇ ಗುರುತಿಸಲಾಗದೆ ಹೋದ ಆ ನೋಟ, ಟ್ಯಾಂಕಿನಿಂದಿಳಿದು ಕೈಯೆತ್ತಲು ಹೊರಟ ಶತ್ರುವನ್ನು ಗುರುತಿಸುತ್ತದೆಂದು ಹೇಗೆ ನಂಬುವುದು?

ಅದಕ್ಕೇ, 23 ನಿಮಿಷಗಳ ಬಗ್ಗೆ ಬರೆದಷ್ಟೇ ಶ್ರದ್ಧೆಯಿಂದ ಆ ಬಳಿಕದ ರಾತ್ರಿಯ ಬಗ್ಗೆಯೂ ಸೇನಾ ಇತಿಹಾಸಕಾರರು ಬರೆಯಬೇಕು. ಕತ್ತಲಾದ ಮೇಲೆ ಅದೇ ತುಕಡಿ ಧ್ವನಿವರ್ಧಕ ಹಿಡಿದು, ಶರಣಾಗಿ ಎಂದು ಅರಬ್ಬಿಯಲ್ಲಿ ಕೂಗಿಸಿತು. ಇರಾಕಿಗಳು ಗುಂಪುಗುಂಪಾಗಿ ಬಂದು ಶರಣಾದರು. ಬಿಸಿಯ ಚುಕ್ಕೆಗಳಾಗಿದ್ದವರ ಇಂಗಿತ ತಿಳಿದದ್ದು ಹಾಗೆ ಕೇಳಿದಾಗಲೇ. ಕೇಳಲು ಬೇಕಾದ ಸಾಧನ ಹಗಲಲ್ಲೂ ಅವರ ಬಳಿ ಇತ್ತೆ, ಬಳಸಲು ಸಾಧ್ಯವಿತ್ತೆ ಎಂಬುದನ್ನು ಗೆದ್ದ ಸೈನ್ಯವೇ ಕೇಳಿಕೊಳ್ಳಬೇಕು.