ಇಂದಿನ ಧಮ್ಮ ಚಿಂತನೆ: ದಣಿವು ಆರುವುದು ಹೇಗೆ?





ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವುದು ಒಂದೇ: "ರೆಸ್ಟ್ ಆಯ್ತಾ ಮೇಡಂ?" ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ರಜೆಯೆಲ್ಲಾ ಮಲಗಿದವರು ಲವಲವಿಕೆಯಿಂದ ಬಂದದ್ದು ಕಡಿಮೆ. ಹಾಗಾದರೆ ವಿಶ್ರಾಂತಿ ಎಂದರೇನು?

ರಂಗಕರ್ಮಿ ಬಿ.ವಿ. ಕಾರಂತರನ್ನು ನೆನೆಯೋಣ. ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದ ಮೇಷ್ಟ್ರು ಅವರು. 1972ರಲ್ಲಿ ನಮ್ಮ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಈಡಿಪಸ್, ಜೋಕುಮಾರಸ್ವಾಮಿ, ಸಂಕ್ರಾಂತಿ, ಮೂರನ್ನೂ ಆಡಿಸಿದರು. 1977ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ ಮತ್ತೆ ಕಲಿಸುವ ಕೆಲಸಕ್ಕೆ ಹೋದರು. 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಪು.ತಿ.ನ. ಅವರ ಗೀತನಾಟಕ 'ಗೋಕುಲ ನಿರ್ಗಮನ'ವನ್ನೂ ರಂಗಕ್ಕೆ ತಂದರು. ಒಮ್ಮೆ ಆಡಿಸುವುದು, ಒಮ್ಮೆ ಕಲಿಸುವುದು. ಇಂಥವರನ್ನು ನೋಡಿದರೆ ಮನಸ್ಸೊಪ್ಪಿದ ಕೆಲಸ ಇನ್ನೊಂದು ಕೆಲಸದ ದಣಿವನ್ನು ಆರಿಸುತ್ತದೆ ಎನಿಸುತ್ತದೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅದು ಉಳ್ಳವರ ಉಪದೇಶವಾದೀತು. ನಮ್ಮ ಹೆಗ್ಗನಹಳ್ಳಿಯ ತಾಯಂದಿರೂ ಕೆಲಸ ಬದಲಿಸುತ್ತಾರೆ! ಹಗಲು ಗಾರ್ಮೆಂಟ್ಸ್‌ನಲ್ಲಿ ಟಾರ್ಗೆಟ್, ಸಂಜೆ ನೀರು ಹಿಡಿಯುವುದು, ರಾತ್ರಿ ಅಡುಗೆ, ಪಾತ್ರೆ. ಅವರ ದಣಿವು ಏಕೆ ಆರುವುದಿಲ್ಲ? ಆ ಕೆಲಸವನ್ನು ಅವರು ಆರಿಸಿಕೊಂಡಿಲ್ಲ. ಅದಕ್ಕೆ ಮಿತಿಯೂ ಇಲ್ಲ. ಜಾತಿ ಕೇವಲ ಶ್ರಮದ ವಿಭಜನೆಯಲ್ಲ, ಶ್ರಮಿಕರನ್ನೇ ವಿಭಜಿಸುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದರು. ಹುಟ್ಟಿನಿಂದ ಅಂಟಿಸಿದ ಕೆಲಸದಲ್ಲಿ ಮನಸ್ಸಿಗೆ ಬಿಡುವು ಎಲ್ಲಿಂದ ಬರಬೇಕು?

ಅದಕ್ಕೇ ಅವರು ಕಾರ್ಮಿಕರಿಗೆ ತಾಳ್ಮೆಯ ಪಾಠ ಹೇಳಲಿಲ್ಲ, ಕಾನೂನು ತಂದರು. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದು. ಆ ಅವಧಿಯಲ್ಲೇ ಕಾರ್ಖಾನೆ ಕಾಯ್ದೆಗೆ ಸಂಬಳ ಸಹಿತ ರಜೆ ಸೇರಿತು, ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ವಿಶ್ರಾಂತಿ ಯಾರೋ ಕರುಣೆಯಿಂದ ಕೊಡುವುದಲ್ಲ, ಅದು ಹಕ್ಕು.

ಭಗವಾನ್ ಬುದ್ಧರ ಶಿಷ್ಯ ಸೋಣ ಪಾದದಿಂದ ರಕ್ತ ಬರುವಷ್ಟು ಚಂಕ್ರಮಣ ಮಾಡಿ ಕುಗ್ಗಿಹೋಗಿದ್ದ. ಅವನು ಮೊದಲು ವೀಣೆ ನುಡಿಸುತ್ತಿದ್ದವನು. ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಬರುವುದಿಲ್ಲವೆಂದು ಬುದ್ಧರು ಅವನ ಬಾಯಿಂದಲೇ ಹೇಳಿಸಿದರು. ಸಮ್ಯಕ್ ವ್ಯಾಯಾಮ ಎಂದರೆ ಆ ಹದ. ನನಗೆ ತಿಳಿದಂತೆ, ನಮ್ಮ ತಂತಿಯನ್ನು ಹದ ಮಾಡಿಕೊಂಡರೆ ಅರ್ಧ ಸಾಧನೆ. ಇನ್ನೊಬ್ಬರ ತಂತಿಯನ್ನು ನಾವೇ ಬಿಗಿಯುತ್ತಿದ್ದೇವೆಯೇ ಎಂದು ನೋಡಿಕೊಳ್ಳುವುದು ಉಳಿದರ್ಧ.

*ಇಂದಿನ ಅಭ್ಯಾಸ:* ಭಾನುವಾರ ನಮಗೆಲ್ಲ ರಜೆ. ವಂದನೆ ಮುಗಿದ ಮೇಲೆ ಚಹಾ ಲೋಟ ತೊಳೆಯುವ ಅಕ್ಕಂದಿರಿಗೆ? ಈ ವಾರ ಅಣ್ಣಂದಿರು ತೊಳೆಯಲಿ. ಅಕ್ಕಂದಿರು ಕೂತು ಧಮ್ಮ ಚರ್ಚೆ ನಡೆಸಲಿ.

ಭವತು ಸಬ್ಬ ಮಂಗಲಂ 🙏