ಚಿರತೆಯನ್ನು ಎಲ್ಲಿ ಅಂಟಿಸುವುದು?

ಮೂರನೇ, ನಾಲ್ಕನೇ ತರಗತಿಯ ಪರಿಸರ ಪಾಠದಲ್ಲಿ ಒಂದು ಚಟುವಟಿಕೆ ತಪ್ಪದೇ ಇರುತ್ತದೆ. ಒಂದು ಕಡೆ ಮೀನು, ಒಂಟೆ, ಹುಲಿ, ಕಪ್ಪೆ. ಇನ್ನೊಂದು ಕಡೆ ಕೊಳ, ಮರುಭೂಮಿ, ಕಾಡು. ಗೆರೆ ಎಳೆದು ಜೋಡಿಸಿ. ಮನುಷ್ಯನಿದ್ದರೆ ಅವನಿಗೊಂದು ಹೆಂಚಿನ ಮನೆ. ಭಾನುವಾರಗಳಲ್ಲಿ ಬೊರಿವಲಿಯಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಹೇಳಿಕೊಡುವಾಗ ನಾನೂ ಇದನ್ನೇ ಮಾಡಿಸುತ್ತೇನೆ. ಕತ್ತರಿಸಿ ಅಂಟಿಸುವುದೆಂದರೆ ಅವರಿಗೆ ಖುಷಿ, ಜೊತೆಗೆ ನಾಲ್ಕು ಹೊಸ ಪದ ಬಾಯಿಗೆ ಬರುತ್ತವೆ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗಿ ಚಿರತೆಯನ್ನು ಕಟ್ಟಡದ ಬುಡದಲ್ಲಿ, ಕಸದ ಡಬ್ಬಿಯ ಪಕ್ಕ ಅಂಟಿಸಿದಳು. ಪಕ್ಕದವನು 'ತಪ್ಪು' ಎಂದ. ಪುಸ್ತಕದ ಪ್ರಕಾರ ತಪ್ಪೇ. ಆದರೆ ಅವಳ ಕಾಲೊನಿ ಇರುವುದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ. ಸುಮಾರು 104 ಚದರ ಕಿಲೋಮೀಟರಿನ ಆ ಕಾಡನ್ನು ಮುಂಬಯಿ, ಠಾಣೆಗಳು ಸುತ್ತುವರಿದಿವೆ. ಅಲ್ಲಿನ ಚಿರತೆಗಳು ಜಿಂಕೆಯ ಜೊತೆಗೆ ಬೀದಿನಾಯಿಯನ್ನೂ ತಿಂದು ಬದುಕುತ್ತವೆ. ನಾಯಿ ಬರುವುದು ಕಸಕ್ಕೆ, ಕಸ ನಮ್ಮದು. ಹುಡುಗಿ ಪಾಠಕ್ಕಿಂತ ಸರಿಯಾಗಿ ಅಂಟಿಸಿದ್ದಳು.

ನನ್ನನ್ನು ಕಾಡುವುದು ವಿಜ್ಞಾನದ ಲೋಪವಲ್ಲ. ಪ್ರತಿಯೊಂದು ಜೀವಿಗೂ ಒಂದೊಂದು ಜಾಗ ಎಂದು ಕಲಿಸಿದೊಡನೆ, ಆ ಜಾಗ ಬಿಟ್ಟು ಬೇರೆ ಕಡೆ ಕಂಡದ್ದು 'ನುಗ್ಗಿದ್ದು' ಆಗುತ್ತದೆ. ವಸತಿ ಪ್ರದೇಶಕ್ಕೆ ನುಗ್ಗಿದ ಚಿರತೆ ಎಂದೇ ಪತ್ರಿಕೆಗಳೂ ಬರೆಯುವುದು. ಈ ಕ್ರಿಯಾಪದ ನಮಗೇನೂ ಹೊಸದಲ್ಲ. 1960ರ ದಶಕದ ಕೊನೆಯಲ್ಲಿ ಇದೇ ಊರಿನ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದಾಗ ನಮ್ಮ ಹಿರಿಯರೂ ನುಗ್ಗಿದವರೇ ಆಗಿದ್ದರು. ಪಠ್ಯದ 'ಆವಾಸ'ಕ್ಕೆ ಮನೆಮಾತಿನಲ್ಲಿ 'ನೆಲೆ' ಎನ್ನುತ್ತೇವೆ. ಹೊಟ್ಟೆಪಾಡಿಗೆ ಬಂದವರು ನೆಲೆ ಕಂಡುಕೊಂಡೆವು ಎನ್ನುವಾಗಲೂ ಅದೇ ಪದ.

ಆದರೆ ಹೋಲಿಕೆಯನ್ನು ಇಲ್ಲಿಗೇ ಬಿಡಬೇಕು. ನಮಗೆ ಊರಿಗೆ ಹೋಗಲು ರೈಲಿದೆ. ಚಿರತೆಗೆ ಇನ್ನೊಂದು ಊರಿಲ್ಲ. ಕಾಡಿಗೆ ಅಂಟಿಕೊಂಡ ಆರೇ ಕಾಲೊನಿಯ ವಾರ್ಲಿಗಳಿಗೂ ಇಲ್ಲ. ವಾಘೋಬನನ್ನು ಪೂಜಿಸುತ್ತ ಆ ಮರಗಳ ನಡುವೆಯೇ ಬಾಳುವ ಅವರನ್ನು ಯಾವ ಚಿತ್ರಕ್ಕೆ ಜೋಡಿಸಬೇಕು? 2019ರ ಅಕ್ಟೋಬರಿನಲ್ಲಿ ಅಲ್ಲಿ ಮೆಟ್ರೊ ಕಾರ್‌ಶೆಡ್‌ಗಾಗಿ 2,000ಕ್ಕೂ ಹೆಚ್ಚು ಮರ ಕಡಿದರು. ಆ ಮೆಟ್ರೊದಲ್ಲಿ ಈಗ ನಾನೂ ಓಡಾಡುತ್ತೇನೆ, ಸುಖವಾಗಿಯೇ.

'ಹಾಗಾದ್ರೆ ನಾವು ಮನೆ ಬಿಡ್ಬೇಕಾ?' ಎಂದು ಹುಡುಗಿ ಕೇಳಿದಳು. ಹೌದೆಂದರೆ ಸುಳ್ಳು, ಇಲ್ಲವೆಂದರೆ ಅರ್ಧ ಸುಳ್ಳು. ಎಂಟು ವರ್ಷದ ಮಗುವಿನ ತಲೆಗೆ ಇಡೀ ಊರಿನ ಪಾಪ ಕಟ್ಟುವ ಪರಿಸರ ಪಾಠ ನನಗೆ ಒಗ್ಗದು. ಕಾಡು ಕಾಡಲ್ಲಿದೆ, ನಾವು ಊರಲ್ಲಿದ್ದೇವೆ ಎಂದು ತೇಲಿಸುವುದೂ ಒಗ್ಗದು.

ಅದಕ್ಕೇ ಪ್ರಶ್ನೆಯನ್ನೇ ಬದಲಿಸಿದೆ. ಇದು ಯಾರ ಮನೆ ಎಂದಲ್ಲ. ನಿನ್ನ ಬೀದಿಗೆ ಯಾವ ಹೊತ್ತಿಗೆ ಯಾರು ಬರುತ್ತಾರೆ, ಏನನ್ನು ಹುಡುಕಿಕೊಂಡು? ವಾರದ ಬಳಿಕ ಹಾಳೆಗಳು ಬಂದವು. ಬೆಳಿಗ್ಗೆ 5ಕ್ಕೆ ಹಾಲಿನವನು, ಕಾಗೆ. ಮಧ್ಯಾಹ್ನ ಮುಂಗುಸಿ. ರಾತ್ರಿ 11ಕ್ಕೆ ಹೆಗ್ಗಣ, ನಾಯಿ, ಪಾಳಿ ಮುಗಿಸಿ ಬರುವ ಅಪ್ಪ. ಚಿರತೆಯ ಹುಡುಗಿ ಇನ್ನೊಂದನ್ನು ಗಮನಿಸಿದ್ದಳು: ಕಸದ ಲಾರಿ ಬರುವುದು ಬೆಳಿಗ್ಗೆ 8ಕ್ಕೆ, ಅವರ ಕಟ್ಟಡದವರು ಕಸ ಹೊರಗಿಡುವುದು ಹಿಂದಿನ ರಾತ್ರಿಯೇ. ಕಸವನ್ನು ಬೆಳಿಗ್ಗೆ ಇಡಿ ಎಂದು ಸೊಸೈಟಿಯ ಕಾರ್ಯದರ್ಶಿಗೆ ಪತ್ರ ಬರೆದಳು; ಅದನ್ನು ಮರಾಠಿಗೆ ಮಾಡಿಕೊಟ್ಟವಳು ಕೆಳಮನೆಯ ಗೆಳತಿ. ಉತ್ತರ ಇನ್ನೂ ಬಂದಿಲ್ಲ.